ಎಡಹುರಿಯ ಜೀನು

ನನ್ನದು ಬಾಯಿ ಜೋರು ಎಂದು ನಮ್ಮೂರು ಸಾಂತಾ ಬ್ರಿಜಿದಾದಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಬಾಯಿ ಮುಚ್ಚಿಕೊಂಡು ನಾನು ನಲವತ್ತು ವರ್ಷ ಚರ್ಮದ ಮೇಲೆ ಹೂವು ಹೊಲಿದೆ, ನಮ್ಮಕ್ಕ ಎರ್ಲಿಂದಾ ನಲವತ್ತಾರು ವರ್ಷ ಹೊಲಿದಳು. ಏನು ಸಿಕ್ಕಿತು? ನನಗೆ ಬಗ್ಗಿದ ಬೆನ್ನು, ಅವಳಿಗೆ ಕುರುಡುಗಣ್ಣು. ಆದ್ದರಿಂದ ಆ ಶನಿವಾರ ಜೀನಿನಂಗಡಿಯ ಯಜಮಾನ ದೋನ್ ರುತಿಲಿಯೊನ ಅಂಗಳದಲ್ಲಿ ನಡೆದದ್ದನ್ನು ಮೆಲ್ಲಗಿನ ದನಿಯಲ್ಲಿ ಹೇಳುವವಳು ನಾನಲ್ಲ.

ಶನಿವಾರವೆಂದರೆ ನಮ್ಮೂರಿಗೆ ಬಸ್ಸುಗಟ್ಟಲೆ ಜನ. ಬರುತ್ತಾರೆ, ಬೆಲ್ಟು ಸವರುತ್ತಾರೆ, ಚೀಲ ಮೂಸುತ್ತಾರೆ, "ಅಬ್ಬಾ, ಎಷ್ಟು ಚೆಂದ! ಯಾರು ಮಾಡಿದ್ದು?" ಎಂದು ಕೇಳುತ್ತಾರೆ. ಅಂಗಡಿಯವನು ಎದೆ ಮುಟ್ಟಿಕೊಂಡು "ನಾವೇ" ಎನ್ನುತ್ತಾನೆ. ಚರ್ಮ ಕತ್ತರಿಸಿ ಕುದುರೆಯ ಜೀನು ಕಟ್ಟುವವರು ಅಂಗಡಿಯ ಗಂಡಸರು, ನಿಜ. ಆದರೆ ಅದರ ಮೇಲೆ ಬಿಳಿ ನಾರಿನಲ್ಲಿ ಹೂಬಳ್ಳಿ ತುಂಬುವವರು ಮನೆಯಲ್ಲಿ ಕೂತ ಹೆಂಗಸರು. ಎಲ್ಲ ಮುಗಿದ ಮೇಲೆ ಅಂಗಡಿಯ ಕಬ್ಬಿಣದ ಮುದ್ರೆ ಕಾಯಿಸಿ ಒತ್ತುತ್ತಾರೆ. ಹೊಲಿದವಳ ಹೆಸರು ನಮ್ಮೂರಿನ ಯಾವ ಚರ್ಮದ ಮೇಲೂ ಬಂದದ್ದಿಲ್ಲ.

ಆ ಶನಿವಾರಕ್ಕೆ ಎರಡೂವರೆ ವರ್ಷ ಮುಂಚೆ ಇದೇ ದೋನ್ ರುತಿಲಿಯೊ ನಮ್ಮ ಅಡುಗೆಮನೆಗೆ ಬಂದು, ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ನಾನು ರೊಟ್ಟಿಗೆಂದು ಸುಣ್ಣದ ನೀರಿನಲ್ಲಿ ಮೆಕ್ಕೆಜೋಳ ಬೇಯಿಸುತ್ತಿದ್ದೆ. ಆಗಲೇ ಸಕ್ಕರೆ ಕಾಯಿಲೆ ಅಕ್ಕನ ಒಂದು ಕಣ್ಣನ್ನು ತಿಂದುಹಾಕಿತ್ತು, ಇನ್ನೊಂದಕ್ಕೆ ಮಂಜು ಕವಿಯುತ್ತಿತ್ತು.

"ಎರ್ಲಿಂದಾ, ಇದೊಂದು ಜೀನು ಮಾಡ್ಕೊಡು. ಇಂಥಾದ್ದು ಈ ಸೀಮೇಲೇ ಯಾರೂ ನೋಡಿರ್ಬಾರ್ದು," ಎಂದ.

"ಮಾಡ್ತೀನಿ ರುತಿಲಿಯೊ. ಉಳಿದಿರೋ ಕಣ್ಣು ಇದಕ್ಕೇ ಹೋಗುತ್ತೆ, ಗೊತ್ತಲ್ಲ?" ಎಂದಳು ಅಕ್ಕ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಅವಳಿಗೆ ಅವನು ಧಣಿಯೂ ಅಲ್ಲ, ದೋನ್ ಗೀನ್ ಏನೂ ಅಲ್ಲ. "ಕೂಲಿ ಯಾವಾಗಿನದೇ ಇರ್ಲಿ. ಜೀನಿನ ಹಿಂದಿನ ಅಂಚಲ್ಲಿ ನನ್ನ ಹೆಸರಿರ್ಬೇಕು. ಅಷ್ಟೆ."

"ನಮ್ಮಮ್ಮನಾಣೆ ಇರುತ್ತೆ."

"ಸತ್ತೋರ ಮೇಲೆ ಆಣೆ ಇಡೋದು ಸುಲಭ, ಅವರೇನು ಎದ್ದು ಬಂದು ಕೇಳ್ತಾರಾ?" ಎಂದೆ ನಾನು.

"ನಿನ್ನ ಬಾಯಿಗೊಂದು ಬೀಗ ಹಾಕ್ಬೇಕು ಕಣೆ ಪ್ರಿಸ್ಕಾ," ಎಂದು ಅವನು ನಕ್ಕ. ಅಕ್ಕನೂ ನಕ್ಕಳು. ನಾನು ನಗಲಿಲ್ಲ.

ಎರಡು ವರ್ಷ ಅಕ್ಕ ಕಿಟಕಿ ಬಿಟ್ಟು ಏಳಲಿಲ್ಲ. ಹದ್ದು, ದಾಳಿಂಬೆ, ಮುಳ್ಳುಹೂವು, ಒಂದರೊಳಗೊಂದು ಹೆಣೆದುಕೊಂಡ ಬಳ್ಳಿ. ನಮ್ಮ ನೂಲು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಪೀತಾ ಎನ್ನುವ ಕಾಡುಗಿಡದ ಎಲೆಯ ನಾರನ್ನು ತೊಳೆದು, ಬಾಚಿ, ತೊಡೆಯ ಮೇಲೆ ಅಂಗೈಯಲ್ಲಿ ಹೊಸೆದು ನಾವೇ ಮಾಡಿಕೊಳ್ಳುತ್ತೇವೆ. ಊರಿನವರೆಲ್ಲ ಬಲಗೈಯಿಂದ ಬಲತೊಡೆಯ ಮೇಲೆ ಹೊಸೆಯುತ್ತಾರೆ, ಅದು ಬಲಹುರಿ. ನಮ್ಮಕ್ಕ ಎಡಚಿ. ಶಾಲೆಯಲ್ಲಿ ಸನ್ಯಾಸಿನಿಯರು ಎಡಗೈ ಕಟ್ಟಿಹಾಕಿ ಹೊಡೆದರೂ ಬದಲಾಗಲಿಲ್ಲ. ಅವಳು ಎಡಗೈಯಿಂದ ಎಡತೊಡೆಯ ಮೇಲೆ ಹೊಸೆಯುತ್ತಾಳೆ, ಹುರಿ ಉಲ್ಟಾ ಬೀಳುತ್ತದೆ. ಇಡೀ ಊರಿಗೆ ಎಡಹುರಿ ಅವಳದೊಂದೇ. ನಮ್ಮ ಹೆಂಗಸರಿಗೆಲ್ಲ ಇದು ಗೊತ್ತು. ಅಂಗಡಿಯ ಗಂಡಸರಿಗೆ ಗೊತ್ತಿಲ್ಲ, ಅವರು ಎಂದೂ ನೂಲು ನೋಡಿದವರಲ್ಲ.

ಇನ್ನೊಂದು ಕಟ್ಟಳೆಯಿದೆ. ಹೊಲಿಯುವವಳು ತನ್ನ ಹೆಸರನ್ನು ತಾನೇ ಹೊಲಿದುಕೊಳ್ಳಬಾರದು. ಹೊಲಿದುಕೊಂಡರೆ ಆ ಕೈ ಮತ್ತೆ ಕೆಲಸಕ್ಕೆ ಏಳುವುದಿಲ್ಲ ಎನ್ನುತ್ತಿದ್ದಳು ನಮ್ಮಮ್ಮ. ಮದುವೆಯ ದುಪ್ಪಟಿಯ ಮೇಲೂ ಪಕ್ಕದ ಮನೆಯವಳೇ ಹೆಸರು ಹಾಕಿಕೊಡಬೇಕು. ಹಾಗಾಗಿ ಅಕ್ಕ ಹಿಂದಿನ ಅಂಚಿನಲ್ಲಿ ಒಂದು ಗೇಣು ಜಾಗ ಖಾಲಿ ಬಿಟ್ಟಳು. ಅಲ್ಲಿ ಹೆಸರು ಹಾಕಬೇಕಾದವಳು ನಾನು. "ಮೊದ್ಲು ಬೆಳ್ಳಿ ಗುಂಡಿ ಕೂರಿಸ್ತೀನಿ, ಆಮೇಲೆ ಹೇಳಿಕಳಿಸ್ತೀನಿ," ಎಂದು ದೋನ್ ರುತಿಲಿಯೊ ಜೀನನ್ನು ಒಯ್ದ. ನಾಲ್ಕು ತಿಂಗಳಾದರೂ ಹೇಳಿಕಳಿಸಲಿಲ್ಲ. ಅಷ್ಟರಲ್ಲಿ ಅಕ್ಕನಿಗೆ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣದಂತಾಗಿತ್ತು.

ಆ ಶನಿವಾರ ಟೋರ್ಟಿಯಾ ರೊಟ್ಟಿ ಕೊಳ್ಳಲು ಹೋದಾಗ ಸುದ್ದಿ ಸಿಕ್ಕಿತು. ರಾಜಧಾನಿಯ ಮ್ಯೂಸಿಯಂನವರು ಜೀನು ನೋಡಲು ಬರುತ್ತಾರಂತೆ, ಒಯ್ದು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಬಂದು ಅಕ್ಕನಿಗೆ ಹೇಳಿದೆ. ಅವಳ ಮುಖ ಅರಳಿತು.

"ಹಾಗಾದ್ರೆ ಇವತ್ತೇ ಹೆಸರು ಹಾಕಿಸ್ತಾನೆ. ನಾರು ತಗೊ, ಸೂಜಿ ತಗೊ, ದಬ್ಬಣ ತಗೊ. ಅಲ್ಲಿ ಹೋಗಿ ಹುಡುಕ್ತಾ ಕೂರ್ಬೇಡ."

"ಕರೆದಿಲ್ವಲ್ಲಕ್ಕ."

"ಗಡಿಬಿಡೀಲಿ ಮರ್ತಿರ್ತಾನೆ ಕಣೆ. ನಡಿ."

ಅಕ್ಕ ಕಿವಿಗೆ ಮದುವೆಯ ಓಲೆ ಹಾಕಿಕೊಂಡಳು, ಕರಿ ಶಾಲು ಹೊದ್ದಳು. ದಾರಿಯುದ್ದಕ್ಕೂ ಅಕ್ಷರ ಎಷ್ಟು ಎತ್ತರ ಇರಬೇಕು ಎಂದು ನನ್ನ ಅಂಗೈಯ ಮೇಲೆ ಬೆರಳಿಂದ ಬರೆದು ತೋರಿಸಿದಳು.

ದೋನ್ ರುತಿಲಿಯೊನ ಅಂಗಳ ತುಂಬಿತ್ತು. ನಗರದ ಜನ ಹಂದಿಮಾಂಸದ ತಟ್ಟೆ ಹಿಡಿದು ಓಡಾಡುತ್ತಿದ್ದರು. ನಡುವೆ ಮರದ ಕುದುರೆಯ ಮೇಲೆ ನಮ್ಮ ಜೀನು. ಪಕ್ಕದಲ್ಲಿ ಹೊಸ ಅಂಗಿ, ಹೊಸ ಟೋಪಿ ಹಾಕಿಕೊಂಡು ರುತಿಲಿಯೊನ ಮಗ ಎಫ್ರೆನ್ ನಿಂತಿದ್ದ. ಮೂವತ್ತೈದಾಯಿತು, ಅಪ್ಪನ ವ್ಯಾನು ಓಡಿಸುವುದು ಬಿಟ್ಟು ಬೇರೆ ಕೆಲಸ ಮಾಡಿದ್ದನ್ನು ನಾನಂತೂ ಕಂಡಿಲ್ಲ. ಮ್ಯೂಸಿಯಂನಿಂದ ಬಂದಿದ್ದ ಹೆಂಗಸಿನ ಹೆಸರು ಮಿರೆಯಾ. ಕತ್ತಿನಲ್ಲಿ ಕನ್ನಡಕ, ಕೈಯಲ್ಲಿ ಪುಸ್ತಕ.

"ಎರಡು ವರ್ಷ ಹಗಲೂ ರಾತ್ರಿ ಕೂತು ಮಾಡಿದ್ದಾನೆ ಸೆನ್ಯೋರಾ, ನನ್ನ ಮಗ," ಎಂದು ಅವಳಿಗೆ ಮರ್ಯಾದೆ ಕೊಟ್ಟು ಹೇಳುತ್ತಿದ್ದ ರುತಿಲಿಯೊ. "ನಮ್ಮ ಮನೆತನದ ಕೈ ಅದು."

ನಾನು ಜನರನ್ನು ತಳ್ಳಿಕೊಂಡು ಹೋಗಿ ಜೀನಿನ ಹಿಂದಿನ ಅಂಚು ನೋಡಿದೆ. ಖಾಲಿ ಬಿಟ್ಟ ಗೇಣಿನಲ್ಲಿ 'ಎಫ್ರೆನ್' ಎಂದು ಹೊಲಿದಿತ್ತು. ಸೊಟ್ಟ ಅಕ್ಷರ, ಸಡಿಲ ಹೊಲಿಗೆ. ಥೂ!

"ಏನೇ, ಜಾಗ ಹಾಗೇ ಇದೆಯಾ?" ಎಂದು ಅಕ್ಕ ನನ್ನ ತೋಳು ಜಗ್ಗಿದಳು.

ನಾನು ಬಾಯಿ ತೆರೆಯುವ ಮೊದಲು ಅವಳೇ ಕೈ ಚಾಚಿದಳು. ಹದ್ದಿನ ರೆಕ್ಕೆ ಸವರಿದಳು, ದಾಳಿಂಬೆ ಸವರಿದಳು, ಬಳ್ಳಿಯ ಜೊತೆ ಬೆರಳು ಓಡಿಸುತ್ತ ಅಂಚಿಗೆ ಬಂದಳು. ಬೆರಳು ಅಲ್ಲೇ ನಿಂತಿತು. ಹಿಂದೆ ಸರಿದು ಮತ್ತೆ ಮುಟ್ಟಿದಳು.

"ಇದು ನಂದಲ್ಲ," ಎಂದಳು. "ಯಾರದೇ ಈ ಹೊಲಿಗೆ?"

"ಎಫ್ರೆನ್‌ದು. ಅವನ ಹೆಸರು ಹಾಕ್ಕೊಂಡಿದ್ದಾನೆ ಅಕ್ಕ," ಎಂದೆ. ಆಮೇಲೆ ನನ್ನ ದನಿ ನನ್ನ ಹಿಡಿತಕ್ಕೇ ಸಿಗಲಿಲ್ಲ, ಅಷ್ಟು ಜೋರಾಗಿ ಹೊರಟಿತು. "ನಾಚಿಕೆ ಆಗಲ್ವೇನ್ರೀ ದೋನ್ ರುತಿಲಿಯೊ? ಈ ಜೀನು ಹೊಲಿದೋಳು ಇಲ್ಲಿ ನಿಂತಿದ್ದಾಳೆ! ಕಣ್ಣು ಕಳ್ಕೊಂಡು ನಿಂತಿದ್ದಾಳೆ!"

ತಟ್ಟೆಗಳು ಅಲ್ಲಲ್ಲೇ ನಿಂತವು. ರುತಿಲಿಯೊ ಓಡಿ ಬಂದು ನಗುನಗುತ್ತಲೇ ನನ್ನ ಮೊಣಕೈ ಹಿಡಿದ. "ಎರ್ಲಿಂದಾ ಸ್ವಲ್ಪ ಸಹಾಯ ಮಾಡಿದ್ದಾಳೆ ಸೆನ್ಯೋರಾ, ಇಲ್ಲ ಅನ್ನಲ್ಲ. ವಯಸ್ಸಾಯ್ತು ನೋಡಿ, ಎಲ್ಲಾ ತನ್ನದೇ ಅನ್ಸುತ್ತೆ." ಆಮೇಲೆ ನನ್ನ ಕಿವಿಯ ಹತ್ತಿರ ದನಿ ತಗ್ಗಿಸಿದ. "ಸುಮ್ನಿರೇ. ಹುಡುಗನಿಗೊಂದು ದಾರಿ ಆಗ್ಬೇಕು. ಕಾಣದೇ ಇರೋ ಕಣ್ಣಿಗೆ ಹೆಸರು ಯಾತಕ್ಕೆ? ಹಾಕಿದ್ರೂ ಅವಳು ಓದ್ತಾಳಾ?"

ಅಕ್ಕನ ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ಅವಳಿಗೆ ಕೇಳಿಸಿತು.

ಮಿರೆಯಾ ಕನ್ನಡಕ ಏರಿಸಿಕೊಂಡಳು. "ಅಮ್ಮ, ಬೇಜಾರು ಮಾಡ್ಕೋಬೇಡಿ. ಹೆಸರು ಅವರದೇ ಇದೆಯಲ್ಲ. ನೀವು ಹೇಳ್ತಿರೋದನ್ನ ನಾನು ಹೇಗೆ ನಂಬ್ಲಿ?"

"ನಂಬೋದು ಬೇಡ, ನೋಡಿ," ಎಂದೆ. ಮಡಿಲಿಂದ ನಾರಿನ ಕಟ್ಟು ತೆಗೆದು ಎರಡು ಎಳೆ ಎಳೆದೆ. "ಎಫ್ರೆನ್, ಬಾರಪ್ಪಾ ಮಹಾರಾಯ. ಎರಡು ವರ್ಷ ಹೊಲಿದೆಯಲ್ಲ, ಒಂದು ಗೇಣು ನೂಲು ಹೊಸಿ."

ಅವನು ಅಪ್ಪನ ಮುಖ ನೋಡಿದ. "ಹೊಸಿಯೋ, ಅದೇನು ಮಹಾ," ಎಂದ ರುತಿಲಿಯೊ. ಸುತ್ತಲೂ ಜನ, ಬೇರೆ ಏನು ಹೇಳಿಯಾನು? ಎಫ್ರೆನ್ ಕೂತು ಬಲತೊಡೆಯ ಮೇಲೆ ಬಲಗೈಯಲ್ಲಿ ಉಜ್ಜಿದ. ಒರಟು ನೂಲೊಂದು ಬಂತು. ಇನ್ನೊಂದು ಎಳೆಯನ್ನು ಅಕ್ಕನಿಗೆ ಕೊಟ್ಟೆ. ಅವಳು ಬೆಂಚಿನ ಮೇಲೆ ಕೂತು, ಅಷ್ಟು ಜನರ ಮುಂದೆ ಲಂಗವನ್ನು ಮಂಡಿಯ ಮೇಲಕ್ಕೆ ಸರಿಸಿದಳು. ನಲವತ್ತಾರು ವರ್ಷ ಉಜ್ಜಿ ಉಜ್ಜಿ ಎಡತೊಡೆಯ ಒಂದು ಪಟ್ಟಿ ಚರ್ಮ ಹೊಳೆಯುತ್ತಿತ್ತು. ಎಡ ಅಂಗೈ ಎರಡು ಸಲ ಹರಿಯಿತು, ನೂಲು ತಯಾರು. ಯಾರೂ ನಗಲಿಲ್ಲ.

"ಈಗ ಎರಡನ್ನೂ ಒಂದೇ ಕಡೆಗೆ ತಿರುಗಿಸಿ ಸೆನ್ಯೋರಾ," ಎಂದೆ.

ಮಿರೆಯಾ ಬೆರಳುಗಳ ನಡುವೆ ತಿರುಗಿಸಿದಳು. ಎಫ್ರೆನ್‌ನ ನೂಲು ಬಿಚ್ಚಿಕೊಂಡು ಎಳೆ ಎಳೆಯಾಯಿತು. ಅಕ್ಕನದು ಇನ್ನಷ್ಟು ಬಿಗಿಯಾಯಿತು.

"ಒಂದು ಬಲಹುರಿ, ಇನ್ನೊಂದು ಎಡಹುರಿ. ಈ ಊರಲ್ಲಿ ಎಡಹುರಿ ಹೊಸೆಯೋಳು ಇವಳೊಬ್ಬಳೇ. ಹೋಗಿ, ಜೀನು ನೋಡಿ."

ಅವಳು ಭೂತಗನ್ನಡಿ ತೆಗೆದು ಜೀನಿನ ಮೇಲೆ ಬಗ್ಗಿದಳು. ಹದ್ದು ನೋಡಿದಳು, ದಾಳಿಂಬೆ ನೋಡಿದಳು, ಎರಡೂ ಬದಿಯ ಬಳ್ಳಿ ನೋಡಿದಳು. ತುಂಬಾ ಹೊತ್ತು ಹಿಡಿಯಿತು. ಕೊನೆಗೆ ಹೆಸರಿನ ಮೇಲೆ ಗಾಜು ಹಿಡಿದು ತಲೆಯೆತ್ತಿದಳು.

"ಇಡೀ ಜೀನಲ್ಲಿ ಇದೊಂದೇ ಬಲಕ್ಕೆ ತಿರುಗಿದೆ," ಎಂದಳು.

"ತಿರುಗದೇ ಏನಾಗುತ್ತೆ? ಅದು ಅವನೇ ಹೊಸೆದ ನೂಲು. ಎರ್ಲಿಂದಾ ಬಿಟ್ಟ ಜಾಗದಲ್ಲಿ ಸುಳ್ಳು ಹೆಸರು ಹೊಲಿಯೋಕೆ ಊರಿನ ಒಬ್ಬ ಹೆಂಗಸೂ ಒಪ್ಪಿರಲ್ಲ," ಎಂದೆ. "ಅದಕ್ಕೇ ತನ್ನ ಹೆಸರನ್ನ ತಾನೇ ಹೊಲ್ಕೊಂಡಿದ್ದಾನೆ ಮೂರ್ಖ!"

ಬಾಗಿಲ ಹತ್ತಿರ ನಿಂತಿದ್ದ ನಮ್ಮ ಬೀದಿಯ ಹೆಂಗಸರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಎಫ್ರೆನ್ ಟೋಪಿ ತೆಗೆದು ನೆಲ ನೋಡುತ್ತ ನಿಂತ. "ಹೆಸರು ಹೊಲಿಸೋಕೆ ಅಪ್ಪ ಮಗ ನನ್ನ ಹತ್ರಾನೂ ಬಂದಿದ್ರು, ಬಾಗಿಲು ಹಾಕ್ಕೊಂಡೆ," ಎಂದಳು ಆ ಹೆಂಗಸರಲ್ಲಿ ಒಬ್ಬಳು.

"ಹಾಗಿದ್ರೆ ನಮಗ್ಯಾಕೆ ಹೇಳ್ಲಿಲ್ಲ ಕಣೆ?" ಎಂದು ಅವಳ ಮೇಲೂ ಹಾಯ್ದೆ.

"ಪ್ರಿಸ್ಕಾ," ಎಂದಳು ಅಕ್ಕ, "ದಬ್ಬಣ ಕೊಡು."

ಕೊಟ್ಟೆ. ಅವಳು ಜೀನಿನ ಮುಂದೆ ಮಂಡಿಯೂರಿ, ಎಡಗೈಯ ಹೆಬ್ಬೆರಳಿಂದ ಮೊದಲ ಅಕ್ಷರ ಹುಡುಕಿ, ದಬ್ಬಣದ ಮೊನೆ ಹಾಕಿ ಎಳೆದಳು. ನೂಲು ಪಟ್ ಎಂದು ಎದ್ದಿತು.

"ಏಯ್, ಏನ್ಮಾಡ್ತಿದ್ದೀಯ? ಬೇಡ!" ಎಂದು ಕೂಗಿದ ರುತಿಲಿಯೊ. "ಬಟ್ಟೆಯಲ್ಲ ಅದು, ಚರ್ಮ! ತೂತು ಮುಚ್ಚಲ್ಲ! ಜೀನು ಹಾಳಾಗುತ್ತೆ!"

"ಮುಚ್ಚಲ್ಲ," ಎಂದಳು ಅಕ್ಕ ಕೈ ನಿಲ್ಲಿಸದೆ. "ನಂಗೆ ಗೊತ್ತಿಲ್ವಾ?"

ಅವನು ಮುಂದೆ ಬಂದ. ನಾನು ಅಡ್ಡ ನಿಂತೆ. "ಮುಟ್ಟಿ ನೋಡು," ಎಂದೆ. ಹುಟ್ಟಿದಾಗಿನಿಂದ ನಾನು 'ನೀವು' ಎಂದೇ ಕರೆದವನಿಗೆ ಅಂದು ಏಕವಚನ ಹಾಕಿದೆ.

ಒಂದೊಂದೇ ಅಕ್ಷರ ಬಿಚ್ಚಿ ಬಂತು. ಕೊನೆಗೆ ಹಿಡಿಯಷ್ಟು ಸಿಕ್ಕು ನೂಲನ್ನು ಎಫ್ರೆನ್ ಕಡೆ ಚಾಚಿ, "ತಗೋ ಮಗಾ, ನಿಂದು," ಎಂದಳು. ಅವನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡ. ಅಂಚಿನಲ್ಲಿ ಸಾಲು ಸಾಲು ತೂತು ಉಳಿಯಿತು.

ಮಿರೆಯಾ ಪುಸ್ತಕ ಮುಚ್ಚಿದಳು. "ಹೊಲಿದವರ ಹೆಸರಿದ್ರೆ ಮಾತ್ರ ಜೀನು ನಮ್ಮಲ್ಲಿಗೆ ಬರುತ್ತೆ. ಇಲ್ದಿದ್ರೆ ಬೇಡ," ಎಂದಳು ರುತಿಲಿಯೊಗೆ.

ಅವನ ಮುಖ ಬದಲಾದದ್ದನ್ನು ನೀವು ನೋಡಬೇಕಿತ್ತು! ಕಣ್ಣು ಮಿಟುಕಿಸುವಷ್ಟರಲ್ಲಿ ನಗು ಬಂತು. "ನಾನೂ ಅದನ್ನೇ ಅನ್ಕೊಂಡಿದ್ದೆ ಸೆನ್ಯೋರಾ! ಎರ್ಲಿಂದಾ ನಮ್ಮ ಮನೆಯವಳಿದ್ದ ಹಾಗೆ. ಬನ್ನಿ, ಒಂದು ಫೋಟೋ ತೆಗೀರಿ." ಬಂದು ಅವಳ ಹೆಗಲ ಮೇಲೆ ಕೈ ಇಟ್ಟು ನಿಂತೇಬಿಟ್ಟ. ಆ ಕೈಯನ್ನು ಅಲ್ಲೇ ಮುರಿಯಬೇಕು ಎನಿಸಿತು ನನಗೆ.

"ನನ್ನ ಹೆಗಲ ಮೇಲಿರೋ ಕೈ ಯಾರದೇ?" ಎಂದು ಕೇಳಿದಳು ಅಕ್ಕ.

"ರುತಿಲಿಯೊನದು."

"ತೆಗೆಯೋಕೆ ಹೇಳು. ನೂಲು ಹೊಸಿಬೇಕು."

ಅವಳು ಮತ್ತೆ ಬೆಂಚಿನ ಮೇಲೆ ಕೂತು ಹೊಸೆದುಕೊಟ್ಟಳು. ನಾನು ತೂತುಗಳ ಸಾಲನ್ನು ಬಿಟ್ಟು, ಅದರ ಕೆಳಗೆ ದಬ್ಬಣ ಚುಚ್ಚುತ್ತ ಹೋದೆ. ಎರಡು ಗಂಟೆ ಹಿಡಿಯಿತು. ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಕೆಳಗಿಳಿದು ಬಂದು ತಾನೂ ನಿಂತು ನೋಡಿದ. ಒಂದೊಂದು ಅಕ್ಷರ ಮುಗಿದಾಗಲೂ ಅಕ್ಕ ಬೆರಳಿಂದ ಓದಿದಳು.

"ಕೊನೆ ಅಕ್ಷರ ಓರೆಯಾಯ್ತಲ್ಲೇ," ಎಂದಳು.

"ಕೋಪದಲ್ಲಿ ಹೊಲಿದೆ ಅಕ್ಕ. ಬಿಚ್ಚಿ ಹಾಕ್ಲಾ?"

"ಬೇಡ. ಇರ್ಲಿ."

ರುತಿಲಿಯೊ ಮೇಣದ ಡಬ್ಬಿ ಹಿಡಿದುಕೊಂಡು ಬಂದ. "ಆ ಹಳೇ ತೂತಿಗೆ ಮೇಣ ತುಂಬಿ ಬಣ್ಣ ಹೊಡೆದ್ಬಿಡ್ತೀನಿ. ಯಾರಿಗೂ ಕಾಣಲ್ಲ."

ಅಕ್ಕ ಅಂಗೈಯನ್ನು ತೂತುಗಳ ಮೇಲೆ ಅಡ್ಡ ಇಟ್ಟಳು.

"ಮುಟ್ಬೇಡ," ಎಂದಳು. "ನನ್ನ ಹೆಸರು ನೋಡಿದೋರೆಲ್ಲ ಅದರ ಮೇಲೆ ಏನಿತ್ತು ಅಂತ ಕೇಳ್ಲಿ. ಬದುಕಿರೋವರೆಗೂ ನೀನೇ ಉತ್ರ ಹೇಳ್ತಿರು."