ಅಮ್ಮನ ನೆರಳಿನ ಕೆನ್ನೆ

ಮರದ ಹಲಗೆಯಲ್ಲಿ ಅಮ್ಮನ ಮುಖ ಕೆತ್ತಿ ಅಚ್ಚು ತೆಗೆಯಬೇಕೆಂದು ಅಕ್ಕ ಮೂರು ವಾರದಿಂದ ಕೂತಿದ್ದಳು. ಅಮ್ಮನ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ದಟ್ಟ ಕಪ್ಪು, ಅಚ್ಚ ಬಿಳಿ ಮಾತ್ರ ಇನ್ನೂ ಗೊತ್ತಾಗುತ್ತಿದ್ದವು. ಅದೂ ಎಷ್ಟು ದಿನವೋ. ಮಗಳ ಕೈಕೆಲಸವನ್ನು ಅಮ್ಮ ಅಷ್ಟರೊಳಗೆ ಕಣ್ಣಾರೆ ನೋಡಿಬಿಡಬೇಕು ಎಂಬುದೊಂದೇ ಅವಳ ಹಟ.

ಹಲಗೆಯಲ್ಲಿ ಕೆತ್ತಿ ತೆಗೆದ ಜಾಗ ಕಾಗದದ ಮೇಲೆ ಬಿಳಿ, ಉಳಿಸಿದ್ದು ಕಪ್ಪು. ಕಿಟಕಿ ಕಡೆಯ ಕೆನ್ನೆಯನ್ನು ಬೆಳಕಿಗೆಂದು ಕೆತ್ತಿದ್ದಳು. ಇನ್ನೊಂದನ್ನು ನೆರಳಿಗೆಂದು ಮಸಿಯಲ್ಲಿ ಗುರುತು ಮಾಡಿ ಬಿಟ್ಟು, ಸುಕ್ಕಿಗೆ ಕೂದಲೆಳೆಯಂಥ ಗೀರು ಎಳೆದಿದ್ದಳು. ಒಂದು ಬೆಳಗ್ಗೆ ತಿಂಡಿ ತಿಂದು ಬರುವಷ್ಟರಲ್ಲಿ ತಮ್ಮ ಉಳಿ ಹಿಡಿದು ಕೂತಿದ್ದ. ಕಂಡದ್ದನ್ನೆಲ್ಲ ಸರಿಮಾಡುವ ಅವನಿಗೆ ಮನೆಯಲ್ಲಿ ತಿದ್ದಪ್ಪ ಎಂದೇ ಹೆಸರು.

"ಏನೋ ಮಾಡ್ತಿದ್ದೀಯ?"

"ಅಮ್ಮನ ಮುಖಕ್ಕೆ ಮಸಿ ಬಳಿದ ಹಾಗಿತ್ತಕ್ಕ. ಕೆತ್ತಿದರೆ ಬೆಳ್ಳಗಾಗುತ್ತೆ ಅಂತ ನೀನೇ ಹೇಳಿದ್ದೆಯಲ್ಲ? ಸ್ವಲ್ಪ ಬೆಳ್ಳಗೆ ಮಾಡ್ದೆ."

ಸ್ವಲ್ಪವೆಂದರೆ ಕಿವಿಯಿಂದ ಗಲ್ಲದವರೆಗೆ. ಚಿತ್ರದಲ್ಲಿ ಆ ಕೆನ್ನೆಯ ಹಿಂದಿನ ಗೋಡೆಯನ್ನು ಅವಳು ಬಿಳಿಗೆಂದು ಮೊದಲೇ ಕೆತ್ತಿ ತೆಗೆದಿದ್ದಳು. ಈಗ ಕೆನ್ನೆ ಯಾವುದು, ಗೋಡೆ ಯಾವುದು?

"ಅಯ್ಯೋ ಪುಣ್ಯಾತ್ಮ! ನೆರಳಿಲ್ಲದೆ ಬೆಳಕು ಎಲ್ಲಿಂದ ಬರುತ್ತೋ? ಅಮ್ಮನ ಅರ್ಧ ಮುಖ ಗೋಡೆಗೆ ಹೋಯ್ತು!"

"ವಾಪಸ್ ಹಾಕೋಕಾಗಲ್ವಾ?"

"ಕತ್ತರಿಸಿದ ಉಗುರು ವಾಪಸ್ ಹಾಕ್ಕೋತೀಯಾ?"

ಸಿಟ್ಟು ಇಳಿಯಲೆಂದು ಹತ್ತರವರೆಗೆ ಎಣಿಸಲು ಹೊರಟಳು. ಮೂರು ದಾಟಲಿಲ್ಲ. ಕೆಟ್ಟ ಕೆನ್ನೆಯ ಜಾಗದಲ್ಲಿ ಗುಳಿ ತೋಡಿ, ಅದೇ ಮರದ ತುಂಡನ್ನು ಅಳತೆಗೆ ಕೊಯ್ದು, ಅಂಟು ಹಾಕಿ ಕೂರಿಸಿ ಭಾರ ಹೇರಿದಳು. ಎರಡು ದಿನ ಒಣಗಬೇಕು. ತಿದ್ದಪ್ಪ ಗಳಿಗೆಗೊಮ್ಮೆ ಇಣುಕುತ್ತಿದ್ದ.

"ಒಣಗಿತಾ ಅಕ್ಕ?"

"ಮುಟ್ಟಿದರೆ ನಿನ್ನ ಬೆರಳನ್ನೂ ಅಲ್ಲೇ ಅಂಟಿಸಿಬಿಡ್ತೀನಿ!"

ಮೂರನೆಯ ದಿನ ಬೆಳಗ್ಗೆ ಗೀರುಗಳನ್ನು ಮತ್ತೆ ಎಳೆದು ಮುಗಿಸಿದಳು. ತೇಪೆ ಮಾತ್ರ ಒಂದೆಳೆ ಎದ್ದೇ ಇತ್ತು. ಉಜ್ಜಿ ಸಮ ಮಾಡೋಣವೆಂದು ಕೂತಾಗ ಒಳಗಿನಿಂದ ಅಮ್ಮ ಕೂಗಿದಳು, "ಆ ಪರದೆ ಸರಿಸೇ, ಕತ್ತಲು." ಪರದೆ ಆಗಲೇ ಸರಿದಿತ್ತು, ಬಿಸಿಲು ಅಮ್ಮನ ಮಡಿಲಲ್ಲೇ ಬಿದ್ದಿತ್ತು. ಅಕ್ಕ ಇನ್ನು ತಡ ಮಾಡುವಂತಿರಲಿಲ್ಲ. ಉಜ್ಜುವುದನ್ನು ಬಿಟ್ಟು ಶಾಯಿ ಸವರಿದಳು, ಕಾಗದ ಹಾಸಿ ಚಮಚದ ಬೆನ್ನಿನಿಂದ ತಿಕ್ಕಿದಳು. ಎತ್ತಿದರೆ, ತೇಪೆಯ ಜಾಗ ಮಿಕ್ಕೆಲ್ಲದಕ್ಕಿಂತ ಕಪ್ಪಗೆ ಒತ್ತಿಕೊಂಡಿತ್ತು. ಹಾಳಾಗಲಿ ಎಂದು ಹಸಿ ಕಾಗದವನ್ನೇ ಒಯ್ದು ಅಮ್ಮನ ಕೈಗಿಟ್ಟಳು.

ಅಮ್ಮ ಅದನ್ನು ಮೂಗಿಗೆ ತಗಲುವಷ್ಟು ಹತ್ತಿರ ಹಿಡಿದು, ಬಹಳ ಹೊತ್ತು ಅತ್ತಿತ್ತ ಓರೆ ಮಾಡಿದಳು.

"ನಾನೇ ತಾನೆ ಇದು? ಈ ಕಡೆ ಕೆನ್ನೆ ಯಾಕೆ ಊದಿದೆ? ನನಗೆ ಯಾವಾಗ ಹಲ್ಲುನೋವು ಬಂದಿತ್ತು?"

ಅಮ್ಮನಿಗೆ ಕಾಣಿಸಿತು!

"ಅದಕ್ಕೇ ನಾನು ಸ್ವಲ್ಪ ಬೆಳ್ಳಗೆ..." ತಿದ್ದಪ್ಪ ಬಾಯಿ ಹಾಕಿದ.

"ಬಾಯಿ ಮುಚ್ಚೋ!"

ಅಮ್ಮ ಅಷ್ಟರಲ್ಲಿ ಕಪ್ಪು ಕೆನ್ನೆಯ ಬಿಳಿ ಗೀರುಗಳನ್ನು ಬೆರಳಿಟ್ಟು ಎಣಿಸತೊಡಗಿದ್ದಳು. ಹನ್ನೊಂದಕ್ಕೆ ಬಂದವಳು ತಲೆಯೆತ್ತಿ, "ಇಷ್ಟೊಂದು ಸುಕ್ಕು ನನಗಿಲ್ಲ ಕಣೇ," ಎಂದು ಜಗಳಕ್ಕೇ ನಿಂತಳು.