ಕೋಣನಕುಂಟೆ, ಅದರ ಮುಂದೊಂದು ಚುಕ್ಕೆ

ಕೋಣನಕುಂಟೆಯ ಮುಂದಿದ್ದ ಚುಕ್ಕೆ ಎದ್ದು ನಡೆಯಿತು, ಇದನ್ನು ಸಣ್ಣ ವಿಷಯವೆಂದು ಯಾರೂ ತಿಳಿಯಬಾರದು, ಎರಡು ದೇಶಗಳ ಕಾನೂನು, ಹೊರದೇಶದಲ್ಲಿ ಕಂಪನಿ ತೆರೆಯಲು ದಿಲ್ಲಿಯ ಒಂದು ಇಲಾಖೆ ಕೊಟ್ಟ ಒಪ್ಪಿಗೆ, ನನ್ನ ಹನ್ನೆರಡು ವರ್ಷದ ಹಠ, ಇಷ್ಟೂ ಈಗ ಒಂದು ಚುಕ್ಕೆಯ ಮೇಲೆ ನಿಂತಿವೆ, ಅದು ಕಾಗದದ ಅಂಚಿನವರೆಗೆ ಹೋಗಿ ಮುಂಗಾಲು ಉಜ್ಜಿಕೊಂಡಿತು, ನೊಣ, ಬರೀ ನೊಣ, ಹಾರಿಯೂ ಹೋಯಿತು, ಆದರೆ ಅದು ಕೂತಿದ್ದ ಜಾಗದಲ್ಲಿ ಇನ್ನೊಂದು ಚುಕ್ಕೆ ಉಳಿದಿದೆ, ನೀಲಿ ಶಾಯಿಯದು, ಅದು ಏಳುವುದಿಲ್ಲ, ಅದು ನಾನಿಟ್ಟದ್ದು, ಹೋದ ಶುಕ್ರವಾರ, ಇದೇ ಜಯನಗರದ ತಂತಿ ಕಚೇರಿಯಲ್ಲಿ, ಇದೇ ಮೊಳೆ ಎದ್ದ ಬೆಂಚಿನಲ್ಲಿ ಕೂತು ಬರೆದ ಕರಡು — ಫ್ಯಾಮಿಲಿ ನೇಮ್ ಕೋಣನಕುಂಟೆ, ಚುಕ್ಕೆ, ತಿಮ್ಮರಾಯಪ್ಪ ಗಿವನ್ ನೇಮ್ — ಚುಕ್ಕೆ ಮರೆತರೆ ಬೆರಳ ಗೆಣ್ಣಿಗೆ ರೂಲುದೊಣ್ಣೆ, ಹನುಮಯ್ಯ ಮೇಷ್ಟ್ರು ಸತ್ತು ಇಪ್ಪತ್ತು ವರ್ಷವಾದರೂ ವಾಕ್ಯ ಮುಗಿದ ಕೂಡಲೇ ನನ್ನ ಬಲಗೈ ತಾನಾಗಿ ಹೆದರಿ ಒಂದು ಚುಕ್ಕೆ ಇಡುತ್ತದೆ, ಲೇ ತಿಮ್ಮ, ಎಲ್ಲೋ ಪೂರ್ಣವಿರಾಮ, ವಾಕ್ಯ ಏನ್ ಕೆರೆಗೆ ಬಿದ್ದೋಯ್ತೇನೋ, ಇಟ್ಟಿದ್ದೀನಿ ಸಾರ್, ಚೆನ್ನಾಗಿ ಒತ್ತಿ ಇಟ್ಟಿದ್ದೀನಿ, ಅದು ಜರ್ಮನಿ ಮುಟ್ಟಿದೆ. ಗೋಡೆ ಗಡಿಯಾರ ಒಂದು ಇಪ್ಪತ್ತು. ಅಲ್ಲಿ ಬೆಳಿಗ್ಗೆ ಎಂಟು ಐವತ್ತು. ಅಲ್ಲಿರುವ ನನ್ನ ಹೆಂಡತಿಯ ತಮ್ಮ ದೇವದಾಸ ಒಂಬತ್ತೂವರೆಗೆ ರೂಮು ಬಿಡುತ್ತಾನೆ, ಹತ್ತಕ್ಕೆ ಅಲ್ಲಿನ ನೋಟರಿಯ ಮುಂದೆ ನನ್ನ ಪರವಾಗಿ ರುಜು ಹಾಕುತ್ತಾನೆ, ಹಾಕಿದರೆ ಆಯಿತು, ಕಂಪನಿ ಹುಟ್ಟಿತು, ಎಂಥ ಹೆಸರಿನಲ್ಲಿ ಹುಟ್ಟಿತೋ ಅದೇ ಹೆಸರು, ಮೇಡಂ ಜರ್ಮನಿ ಲೈನು ಏನಾಯ್ತು, ಇನ್ನೂ ಬಾಂಬೆನೇ ಸಿಕ್ಕಿಲ್ಲ ಸಾರ್, ಬಾಂಬೆ ಸಿಕ್ದೆ ನಾನ್ ಹೆಂಗೆ ಜರ್ಮನಿ ಕೊಡ್ಲಿ, ಕೂತ್ಕೊಳಿ, ಕೌಂಟರಿನ ರುದ್ರಮ್ಮ ಇಷ್ಟು ಹೇಳಿ ಮತ್ತೆ ಮೊಸರನ್ನದ ಡಬ್ಬಿಗೆ ತಿರುಗಿದರು, ಆ ಉಪ್ಪಿನಕಾಯಿಯ ವಾಸನೆ ಬೆಂಚಿನವರೆಗೂ ಬಂತು, ಬೆಳಿಗ್ಗೆ ತಟ್ಟೆ ಬಿಟ್ಟು ಎದ್ದವನು ನಾನು.

ತಟ್ಟೆಯಲ್ಲಿ ಎರಡನೆಯ ದೋಸೆ ಬಿದ್ದಿತ್ತು, ಅಷ್ಟರಲ್ಲಿ ತಂತಿಯವನ ಸೈಕಲ್ ಬೆಲ್ಲು, ದಿಲ್ಲಿಯದು, ಒಪ್ಪಿಗೆ ಈ ತಿಂಗಳ ಮೂವತ್ತರ ತನಕ ಮಾತ್ರ ಸ್ಟಾಪ್ ಅವಧಿ ವಿಸ್ತರಣೆ ಇಲ್ಲ ಸ್ಟಾಪ್, ಪರವಾಗಿಲ್ಲ, ಮೂವತ್ತಕ್ಕೆ ಇನ್ನೂ ನಾಲ್ಕು ದಿನ ಇದೆ, ಇವತ್ತೇ ಮುಗಿಯುತ್ತದೆ, ಎಂದು ಬಾಯಿಗೆ ತುತ್ತಿಡುತ್ತಿದ್ದೆ, ಮಂಗಮ್ಮ ಸೌಟು ಹಿಡಿದುಕೊಂಡೇ ಬಂದು ನನ್ನ ಭುಜದ ಮೇಲಿಂದ ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿ, ಇದೇನ್ರೀ ಎರಡು ಸಾಲಲ್ಲಿ ಎರಡು ಸ್ಟಾಪು, ಇದೇನ್ ತಂತಿನಾ ಇಲ್ಲ ಕನಕಪುರದ ಬಸ್ಸಾ ಅಂದಳು, ನಕ್ಕಳು, ನಾನೂ ನಗುವುದಕ್ಕೆ ಬಾಯಿ ತೆರೆದೆ, ದೋಸೆ ಗಂಟಲಲ್ಲಿ ನಿಂತಿತು. ತಂತಿಯಲ್ಲಿ ಚುಕ್ಕೆ ಹೋಗುವುದಿಲ್ಲ. ಚುಕ್ಕೆ ಸ್ಟಾಪ್ ಎಂದು ಹೋಗುತ್ತದೆ. ಇಲ್ಲಿನ ಪೋಸ್ಟ್‌ಮ್ಯಾನ್‌ಗೂ ಗೊತ್ತಿರುವ ವಿಷಯ, ನನಗೂ ಗೊತ್ತಿತ್ತು, ಆದರೆ ಬರೆಯುವಾಗ ಕೈಗೆ ಗೊತ್ತಿರಲಿಲ್ಲ, ಮತ್ತು ಓದಿದವನು ಇಲ್ಲಿಯವನಲ್ಲ, ಕನ್ನಡಕ ಹಾಕಿದ ಆ ನೋಟರಿ, ಕನ್ನಡಕ ಹಾಕಿರಲೇಬೇಕು, ಅವನು ಓದಿದ್ದು ಹೀಗೆ — ಫ್ಯಾಮಿಲಿ ನೇಮ್ ಕೋಣನಕುಂಟೆ ಸ್ಟಾಪ್ ತಿಮ್ಮರಾಯಪ್ಪ ಗಿವನ್ ನೇಮ್ — ಓದಿ ಗೆರೆ ಎಳೆದು ಬರೆದುಕೊಂಡಿರುತ್ತಾನೆ, ಮನೆತನ: ಕೋಣನಕುಂಟೆ ಸ್ಟಾಪ್, ಆ ಕಡೆ ಎರಡು ಪದದ ಮನೆತನಗಳೂ ಇರುತ್ತವಂತೆ, ಅವನಿಗೆ ಅನುಮಾನ ಬರುವ ಕಾರಣವೇ ಇಲ್ಲ.

ಇಷ್ಟಕ್ಕೂ ಈ ಮನೆತನದ ಗೋಜು ನನಗೆ ಬೇಕಿತ್ತೇ, ಭಾವ, ಕಂಪನಿಗೆ ಮಾರೋ ವಸ್ತುವಿನ ಹೆಸರಿಟ್ರೂ ನಡೀತದೆ ಇಲ್ಲಿ, ಕಪ್ಪು ಕಲ್ಲು ಅಂತಿಟ್ಬಿಡೋಣ, ಎಂದು ದೇವದಾಸ ಬರೆದಿದ್ದ, ಮಂಗಮ್ಮನ ತಮ್ಮ, ಮಿಷಿನ್ ಫಿಟ್ಟರ್ ಆಗಿ ಹೋಗಿ ಅಲ್ಲೇ ಉಳಿದವನು, ಬುದ್ಧಿವಂತ, ನಾನೇ ಬೇಡವೆಂದೆ, ಹನ್ನೆರಡು ವರ್ಷ ನನ್ನ ಕಲ್ಲು ಹಡಗು ಹತ್ತಿ ಹೋಗಿ ಹ್ಯಾಂಬರ್ಗಿನ ದಲ್ಲಾಳಿಯ ಹೆಸರಿನ ಚೀಟಿ ಅಂಟಿಸಿಕೊಂಡು ಯಾರ್ಯಾರದೋ ತಲೆಯ ಹತ್ತಿರ ನಿಂತಿದೆ, ಹೌದು, ಸಮಾಧಿ ಕಲ್ಲು, ಮುಚ್ಚಿಡುವುದೇನು, ಮಂಗಮ್ಮ ಇವತ್ತಿಗೂ ಬೀಗರ ಮನೆಯಲ್ಲಿ ಅವರದು ಗ್ರಾನೈಟ್ ಬಿಸಿನೆಸ್ ಎನ್ನುತ್ತಾಳೆ, ಜೆ.ಪಿ. ನಗರದ ಮನೆಗೆ ಒಂದು ಚಪ್ಪಡಿಯನ್ನೂ ತರಲು ಬಿಟ್ಟಿಲ್ಲ, ಸತ್ತೋರ ಕಲ್ಲ ಮೇಲೆ ನಾನು ಚಟ್ನಿ ಅರೀಬೇಕಾ ಅನ್ನುತ್ತಾಳೆ, ಇರಲಿ, ನನಗೆ ಬೇಕಾಗಿದ್ದು ಒಂದೇ, ಕಲ್ಲಿನ ಹಿಂಬದಿಯಲ್ಲಿ ಕಾಲಿಂಚು ಅಕ್ಷರದಲ್ಲಾದರೂ ಸರಿ, ಇದು ಎಲ್ಲಿಯದು ಎಂದು ಇರಬೇಕು, ಲೇಔಟ್ ಮಾಡಿ ಮಾಡಿ ನಮ್ಮ ಹೊಲದ ಗುರುತೇ ಉಳಿದಿಲ್ಲ, ಹೆಸರಾದರೂ ಕಲ್ಲಿನ ಮೇಲಿರಲಿ. ವಸ್ತುವಿನ ಹೆಸರು ಬೇಡವಾದರೆ ಮಾಲೀಕರ ಮನೆತನದ ಹೆಸರೇ ಬೇಕು ಎಂದಿತು ಜರ್ಮನಿ. ಪಾಸ್‌ಪೋರ್ಟಿನಲ್ಲಿ ಕೆ. ಎಂ. ತಿಮ್ಮರಾಯಪ್ಪ, ಇದರಲ್ಲಿ ಮನೆತನ ಯಾವುದು, ಬಂಧುವಿನ ಮಾತು ಸಾಲದು, ಮಾಲೀಕರೇ ಬರೆದು ತಿಳಿಸತಕ್ಕದ್ದು. ಕೆ ಊರು, ಎಂ ಅಪ್ಪ, ಮುನಿಯಣ್ಣ, ಉಳಿದದ್ದು ನಾನು, ಇದರಲ್ಲಿ ಮನೆತನವನ್ನು ಎಲ್ಲಿಂದ ತರಲಿ, ಪಿಳ್ಳಣ್ಣ ಚಿಕ್ಕಪ್ಪನನ್ನು ಕೇಳಿದರೆ ಎಲೆಗೆ ಸುಣ್ಣ ಸವರುತ್ತ, ನಮ್ಮನ್ನ ಊರಲ್ಲಿ ಚಪ್ಪಡಿ ಮನೆಯೋರು ಅಂತಿದ್ರು ಕಣ್ಲಾ, ಅದನ್ನೇ ಬರಿ, ಅಂದರು. ಅದನ್ನೇ ಬರೆಯಬೇಕಿತ್ತು. ಚಪ್ಪಡಿ. ಒಂದೇ ಪದ, ಅನುಮಾನಕ್ಕೆ ಎಡೆಯಿಲ್ಲ. ಬರೆಯಲಿಲ್ಲ, ಜರ್ಮನಿಯ ದಫ್ತರದಲ್ಲಿ ಅಡ್ಡಹೆಸರು ಹಾಕಿಸುವುದೇ ಎಂದು ನಾಚಿಕೆ, ಊರನ್ನೇ ಮನೆತನವೆಂದು ಬರೆದೆ.

ಒಂದು ನಲವತ್ತು. ಅಡ್ಡಹೆಸರು ಬಂದದ್ದು ಅಪ್ಪನಿಂದ, ಆಗೆಲ್ಲ ಬಸ್ಸು ನಮ್ಮೂರಲ್ಲಿ ನಿಲ್ಲುತ್ತಿರಲಿಲ್ಲ, ಸ್ಟಾಪಿಲ್ಲ ಕಣಯ್ಯಾ, ಮುಂದುಕ್ಕೋಗಿ ಹತ್ತು, ಅಪ್ಪ ತಲೆಯ ಮೇಲೆ ಸೊಪ್ಪಿನ ಮಂಕರಿ ಹೊತ್ತು ಅರ್ಧ ಮೈಲಿ ಓಡಬೇಕಿತ್ತು, ಒಂದು ದಿನ ಓಡಲಿಲ್ಲ, ಕ್ವಾರಿಯಿಂದ ಒಂದು ಕರಿ ಚಪ್ಪಡಿಯನ್ನು ಗಾಡಿ ಮೇಲೆ ಹೇರಿಕೊಂಡು ಬಂದು ರಸ್ತೆಯ ಪಕ್ಕ ಹೊಂಗೆಮರದ ಕೆಳಗೆ ಹಾಸಿ ಅದರ ಮೇಲೆ ಕೂತುಬಿಟ್ಟ, ಯಾಕಪ್ಪಾ, ಕಲ್ಲು ಹಾಕಿದ್ದೀನಲ್ಲ, ಇನ್ಮೇಲೆ ಇದೇ ಸ್ಟಾಪು, ಬಸ್ಸು ನಿಲ್ಲಲಿಲ್ಲ, ಅಪ್ಪ ಏಳಲಿಲ್ಲ, ಎರಡು ತಿಂಗಳು ಬೆಳಗಾದರೆ ಮಂಕರಿ ಪಕ್ಕದಲ್ಲಿಟ್ಟುಕೊಂಡು ಕೂರುವುದು, ಬಸ್ಸು ಧೂಳೆಬ್ಬಿಸಿ ಹೋಗುವುದು, ಅಪ್ಪ ಟವೆಲ್ಲಿನಿಂದ ಮೊದಲು ಕಲ್ಲನ್ನು, ಆಮೇಲೆ ಮುಖವನ್ನು ಒರೆಸಿಕೊಳ್ಳುವುದು, ಕೊನೆಗೆ ಒಬ್ಬ ಕಂಡಕ್ಟರ್‌ಗೆ ತಡೆಯಲಾಗಲಿಲ್ಲ, ಸೀಟಿ ಊದಿದ, ಯಾರ್ರೀ ಕೋಣನಕುಂಟೆ ಸ್ಟಾಪ್, ಇಳಿಯುವವರು ಯಾರೂ ಇರಲಿಲ್ಲ, ಆದರೂ ಕೂಗಿದ. ಆ ಕಲ್ಲು ಈಗಲೂ ಇದೆ, ಅಂಚು ಒರಟು, ನಡುವೆ ಮಾತ್ರ ಕೂತವರ ಪಂಚೆ ಸೀರೆ ಉಜ್ಜಿ ಉಜ್ಜಿ ಮುಖ ಕಾಣುತ್ತದೆ, ಮಿಷಿನ್ ನೋಡುವ ಮೊದಲೇ ನಾನು ಪಾಲಿಷ್ ಅನ್ನುವುದನ್ನು ಕಂಡದ್ದು ಅದರಲ್ಲಿ, ಎಂಟು ವರ್ಷದವನು ಬಗ್ಗಿ ನೋಡಿದ್ದೆ, ಹೊಂಗೆ ಎಲೆ, ಆಕಾಶ, ಅಪ್ಪನ ಗಡ್ಡದ ಕೆಳಭಾಗ. ಈ ಹೆಸರನ್ನು ಆ ಹ್ಯಾಂಬರ್ಗಿನವನು ಓದುತ್ತಾನೆ, ನಗುತ್ತಾನೆ, ಸಮಾಧಿ ಮಾರುವ ಕಂಪನಿಯ ಹೆಸರು ಸ್ಟಾಪ್, ಪೂರ್ಣವಿರಾಮ, ವ್ಯಾಪಾರಕ್ಕೆ ಹೊಂದುವುದೇನೋ ಹೊಂದುತ್ತದೆ, ಥೂ, ಇದೇನು ನಗುವ ಹೊತ್ತೇ, ಬದಲಾಯಿಸಬೇಕೆಂದರೆ ದಿಲ್ಲಿಯ ಒಪ್ಪಿಗೆ ಮತ್ತೆ ಮೊದಲಿಂದ, ಮೊದಲನೆಯದಕ್ಕೇ ಹದಿನಾಲ್ಕು ತಿಂಗಳು, ವಿಸ್ತರಣೆ ಇಲ್ಲ ಸ್ಟಾಪ್. ಒಂದು ಐವತ್ತೆರಡು. ಮೇಡಂ. ರೀ ಸಾರ್ ಬನ್ನಿ ಬನ್ನಿ, ಸಿಕ್ತು, ಎರಡನೇ ಬೂತು, ಜೋರಾಗ್ ಮಾತಾಡಿ, ಮೂರೇ ನಿಮಿಷ.

ಬೂತಿನೊಳಗೆ ಬೀಡಿ ವಾಸನೆ, ರಿಸೀವರು ಯಾರದೋ ಕಿವಿಯ ಬಿಸುಪನ್ನು ಇನ್ನೂ ಇಟ್ಟುಕೊಂಡಿದೆ, ದೂರದಲ್ಲಿ ಸಮುದ್ರದಂಥ ಸದ್ದು, ಅದರಾಚೆ ಒಂದು ಹೆಂಗಸಿನ ದನಿ, ದೇವದಾಸನ ಮನೆಯೊಡತಿ, ಅವಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಅವನು ಬರೆದಿದ್ದ, ಫೋನು ಮಾತ್ರ ಅವಳದೇ, ಹಲೋ, ದೇವದಾಸ್, ದೇವದಾಸ್ ಬೇಕು, ಅವಳು ಏನೋ ಉದ್ದಕ್ಕೆ ಹೇಳಿದಳು, ಅದರಲ್ಲಿ ದೇವದಾಸ್ ಎನ್ನುವುದೊಂದೇ ತಿಳಿದದ್ದು, ಹಿಂದುಗಡೆ ಬಾಗಿಲು ಮುಚ್ಚಿದ ಸದ್ದು, ಅಯ್ಯೋ ಹೊರಟನೇ, ಮೆಟ್ಟಿಲಿಳಿಯುತ್ತಿದ್ದಾನೆಯೇ, ಕಿಟಕಿಯಿಂದ ಕೂಗಮ್ಮಾ ತಾಯೀ, ಯಾವ ಭಾಷೆಯಲ್ಲಿ ಹೇಳಲಿ, ಎಲ್ಲರಿಗೂ ಗೊತ್ತಿರುವ ಪದ ಯಾವುದಿದೆ, ಸ್ಟಾಪ್, ಸ್ಟಾಪ್ ಎಂದು ಕಿರುಚಿದೆ, ದೇವದಾಸ್, ಸ್ಟಾಪ್, ಕೋಣನಕುಂಟೆ, ನೋ, ಸ್ಟಾಪ್, ಅವಳ ದನಿ ಅರಳಿತು, ಗುರುತು ಹಿಡಿದವರ ದನಿ, ನನ್ನ ತಂತಿ ಮೊದಲು ಮುಟ್ಟಿದ್ದು ಅವಳ ಬಾಗಿಲಿಗೇ ಇರಬೇಕು, ಯಾ ಯಾ, ಹೆರ್ ಸ್ಟಾಪ್, ಕೋನನಕುಂಟೆ ಸ್ಟಾಪ್, ಗುಟ್ ಗುಟ್. ಹೆರ್ ಅಂದರೆ ಶ್ರೀ, ಅಷ್ಟು ಜರ್ಮನ್ ನನಗೂ ಬರುತ್ತದೆ, ದಲ್ಲಾಳಿಯ ಕಾಗದಗಳ ಮೇಲೆ ನೋಡಿದ್ದೇನೆ, ಶ್ರೀ ಸ್ಟಾಪ್, ಅವಳು ಫೋನು ಕೆಳಗಿಟ್ಟು ಕಿಟಕಿಯ ಕಡೆಯೇ ಓಡಿರಬೇಕು, ಮೇಲಿಂದ ಏನೋ ಕೂಗಿದಳು, ಕೆಳಗಿನಿಂದ ಏನೋ ಉತ್ತರ, ಇಬ್ಬರೂ ನಕ್ಕರು, ಮೂರು ನಿಮಿಷ ಆಯ್ತು ಸಾರ್, ಎಕ್ಸ್‌ಟೆಂಡ್ ಮಾಡ್ಲಾ, ಮಾಡಿ ಮಾಡಿ, ಕಟ್ಟಾಯ್ತಲ್ಲ ಸಾರ್, ಆ ಕಡೆಯಿಂದಾನೇ ಇಟ್ಬಿಟ್ರು.

ಎರಡೂವರೆ ಆಯಿತು, ಅಲ್ಲಿ ಹತ್ತು, ಆಮೇಲೆ ಗಡಿಯಾರ ನೋಡುವ ಅಗತ್ಯವಿರಲಿಲ್ಲ, ಆದರೂ ಮನೆಗೆ ಹೋಗದೆ ಅದೇ ಬೆಂಚಿನಲ್ಲಿ ಕೂತೆ, ಮಂಗಮ್ಮನಿಗೆ ಏನು ಹೇಳಲಿ, ಬಸ್ಸಾ ಇದು ಎಂದಳಲ್ಲ, ಹೌದು ಕಣೇ, ಬಸ್ಸೇ ಎನ್ನಲೇ, ಹೊರಗೆ ಅಂಗಡಿ ಕಾಂಪ್ಲೆಕ್ಸಿನ ಕಡೆ ಜನ ಬ್ಯಾಗು ಹಿಡಿದು ಹೋಗುತ್ತಿದ್ದಾರೆ, ಒಬ್ಬ ಒಳಗೆ ಬಂದು, ಮಾರಮ್ಮನಿಗೆ ಗಂಡು ಮಗು ಎಂದು ತಂತಿ ಕೊಟ್ಟ, ಚುಕ್ಕೆ ಇಡದೆ ಕೊಟ್ಟ, ಜಾಣ, ಒಂದು ವೇಳೆ ದೇವದಾಸನಿಗೇ ಅನುಮಾನ ಬಂದಿದ್ದರೆ, ಬೆಂಗಳೂರಲ್ಲಿ ಹುಟ್ಟಿದವನು, ಸಾವಿರ ತಂತಿ ನೋಡಿದವನು, ಇದು ಚುಕ್ಕೆ ಸ್ವಾಮೀ ಎಂದು ಹೇಳಿರುತ್ತಾನೆ, ಬಂಧುವಿನ ಮಾತು ಸಾಲದು ಎಂದಿರುತ್ತಾನೆ ಕನ್ನಡಕದವನು, ಅಥವಾ ದೇವದಾಸ ಹೇಳಲು ಹೊರಟಾಗಲೇ ಕಿಟಕಿಯಿಂದ ಅವಳು ಕೂಗಿದಳೋ, ನಿಮ್ಮ ಭಾವನೇ ಫೋನು ಮಾಡಿದ್ದರು, ತಮ್ಮ ಹೆಸರನ್ನು ತಾವೇ ಹೇಳಿದರು, ಸ್ಟಾಪ್ ಸ್ಟಾಪ್ ಎಂದು ಎಷ್ಟು ಜೋರಾಗಿ ಹೇಳಿದರು. ಐದೂ ಮುಕ್ಕಾಲಿಗೆ ಒಳಗಿನ ಯಂತ್ರ ಟಕಟಕ ಹೊಡೆಯಿತು, ರುದ್ರಮ್ಮ ಪಟ್ಟಿ ಹರಿದು ಅಂಟಿಸುತ್ತ, ನಿಮ್ದೇ ಸಾರ್, ಜರ್ಮನಿದು, ಮನೆಗ್ ಕಳ್ಸೋದ್ಯಾಕೆ, ಇಲ್ಲೇ ಕಲ್ಲ್ ಹಾಕ್ದಂಗೆ ಕೂತಿದ್ದೀರಲ್ಲ, ಆದ್ರೆ ನೋಡಿ, ಆ ಕಡೆಯೋರು ಒಂದ್ ಸ್ಟಾಪ್ ಜಾಸ್ತಿ ಹೊಡ್ದಿದ್ದಾರೆ, ಮಿಸ್ಟೇಕ್ ಇರ್ಬೇಕು, ಒಂದು ಹೊಡೆದು ಹಾಕ್ಲಾ, ಬೇಡ ಮೇಡಂ, ಕೊಡಿ ಇಲ್ಲಿ — ರಿಜಿಸ್ಟರ್ಡ್ ಟುಡೇ ಆ್ಯಸ್ ಕೋಣನಕುಂಟೆ ಸ್ಟಾಪ್ ಸ್ಟಾಪ್ ಕಂಗ್ರಾಜುಲೇಷನ್ಸ್ ದೇವದಾಸ್ — ಬೆರಳಿಟ್ಟು ಓದಿದೆ, ಎರಡು, ಮತ್ತೆ ಓದಿದೆ, ಎರಡೇ, ಧೂಳು, ಹೊಂಗೆಮರ, ಕರಿ ಚಪ್ಪಡಿಯ ಮೇಲೆ ಅಪ್ಪ, ಪಕ್ಕದಲ್ಲಿ ಮಂಕರಿ, ಟವೆಲ್ಲಿನಿಂದ ಮೊದಲು ಕಲ್ಲನ್ನು ಒರೆಸುತ್ತಾನೆ, ಸೀಟಿ, ಯಾರ್ರೀ ಕೋಣನಕುಂಟೆ ಸ್ಟಾಪ್, ಅಪ್ಪ ಟವೆಲ್ಲಿನಿಂದ ಮೊದಲು ಕಲ್ಲನ್ನು, ಮೊದಲು ಕಲ್ಲನ್ನು — ಮೊದಲನೆಯ ಸ್ಟಾಪ್ ಹೆಸರು, ಎರಡನೆಯದು ಚುಕ್ಕೆ. ಕಂಪನಿ ನೋಂದಣಿಯಾಗಿದೆ.