ಬಚ್ಚಲೊಲೆಯ ಬಿಟ್ಟಿ ಸೌದೆ

ಬಾಣಂತಿ ಅರ್ಪಿತಳ ಹಸುಗೂಸಿಗೆ ನೀರು ಹಾಕಲು ಪ್ಲಾಸ್ಟಿಕ್ ಕವರು ಸುಟ್ಟು ಹಂಡೆ ಕಾಯಿಸಿದರು. ಅದೇ ಒಲೆಯ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ತಲೆ ಆರಲೆಂದು ಕೂಸನ್ನು ಹೊಗೆಯ ಮೇಲೆ ಹಿಡಿದರು. ವಾರದೊಳಗೆ ಕೂಸಿಗೆ ಉಸಿರು ಕಟ್ಟಿತು.

ಪಾಂಡವಪುರ ತಾಲ್ಲೂಕಿನ ನಾಲೆ ಬದಿಯ ಊರು ಅದು. ಆಟೋದಲ್ಲಿ ಆಸ್ಪತ್ರೆಗೆ ಓಡಿದರು. ಕೂಸು ಉಳಿಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದರು: “ಈ ಮಗುವಿನ ಹತ್ತಿರ ಯಾವ ಹೊಗೆಯೂ ಸುಳಿಯಬಾರದು. ಸಾಂಬ್ರಾಣಿಯದೂ ಬೇಡ. ಇನ್ನೊಂದು ಸಲ ಹೀಗಾದರೆ ಉಳಿಸಿಕೊಡುತ್ತೇನೆ ಅಂತ ನಾನು ಮಾತು ಕೊಡಲಾರೆ.”

ಮಾರನೆಯ ಬೆಳಿಗ್ಗೆ ಅರ್ಪಿತಳ ತಾಯಿ ಜಯಲಕ್ಷ್ಮಮ್ಮ ಬಚ್ಚಲೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮತ್ತೆ ಕವರು ತುರುಕುತ್ತಿದ್ದರು.

“ಅವ್ವಾ! ಮತ್ತೆ ಕವರಾ?”

“ಒಲೆ ಬಚ್ಚಲಲ್ಲದೆ, ಕೂಸು ನಡುಮನೇಲದೆ. ಹೊಗೆ ಏನು ಬಸ್ಸು ಹತ್ಕಂಡು ಬತ್ತದಾ?”

“ಎಲ್ಲಾದ್ಕೂ ಇರೋದು ಒಂದೇ ಸೂರಲ್ವಾ?”

“ನಿಂಗೆ ನೀರು ಉಯ್ಯೋವಾಗ ಅರಿದೋದ ಚಪ್ಲಿನೂ ಉರ್ಸಿವ್ನಿ ಕಣೇ. ನೀನೇನು ಸತ್ತೋದ್ಯಾ? ಎದ್ದು ನಿಂತು ನಂಗೇ ಪಾಠ ಯೋಳ್ತಾ ಇದ್ದೀಯೆ.”

ಕವರಿನ ಚೀಲಗಳು ಬಚ್ಚಲ ಗೋಡೆಗೆ ಒರಗಿದ್ದವು. ತಂದು ಹಾಕಿದವನು ಸಿದ್ದರಾಜು. ಊರಿನ ಒಣಕಸ ಎತ್ತುವ ಗುತ್ತಿಗೆ ಅವನದು. ಜಯಲಕ್ಷ್ಮಮ್ಮನಿಗೆ ವರಸೆಯಲ್ಲಿ ತಮ್ಮ. ಎತ್ತಿದ ಕಸವನ್ನು ವಿಂಗಡಣೆ ಶೆಡ್ಡಿಗೆ ಸಾಗಿಸಬೇಕು. ಅಷ್ಟು ದೂರ ಗಾಡಿ ಓಡಿಸುವ ಬದಲು ಮನೆಗೊಂದು ಚೀಲ ಇಳಿಸುತ್ತಿದ್ದ. “ಬಿಟ್ಟಿ ಸೌದೆ ಕಣಕ್ಕ, ಬೆಂಕಿಕಡ್ಡಿ ತೋರ್ಸಿದ್ರೆ ಸಾಕು” ಎನ್ನುತ್ತಿದ್ದ. ಬೀದಿಯವರೆಲ್ಲ ಅವನನ್ನು ಹೊಗಳಿದ್ದೇ ಹೊಗಳಿದ್ದು.

ಪಕ್ಕದ ಮನೆಯ ಯಶೋಧರಾ ಗಲಾಟೆ ಕೇಳಿ ಬಂದಳು. ಅವಳ ಗಂಡ ಶ್ರೀನಾಥಾಚಾರಿ ಬಡಗಿ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ನರ್ಸಮ್ಮ ಹೊಗೆಯ ವಿಷಯ ಹೇಳಿದ ದಿನದಿಂದ ಅವಳ ಒಲೆಗೆ ಕವರು ಬಿದ್ದಿರಲಿಲ್ಲ.

“ಅಕ್ಕ, ಬಚ್ಚಲು ಬಾಗ್ಲಾಕ್ಕಂಡು ಒಳೀಕೇ ಕೂತು ಒಂದೆಲೆ ಅಡಿಕೆ ಜಗ್ದು ಬಾ.”

“ಅದ್ಯಾಕಮ್ಮಿ?”

“ಬಸ್ಸು ಹತ್ಕಂಡು ಬರೋ ಹೊಗೆ ಎಂಗದೆ ನೋಡು.”

ಜಯಲಕ್ಷ್ಮಮ್ಮ ಸೆಟೆದುಕೊಂಡೇ ಬಾಗಿಲು ಹಾಕಿಕೊಂಡರು. ಎಲೆಗೆ ಸುಣ್ಣ ಸವರುವಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಕಣ್ಣು ಮೂಗು ಒಟ್ಟಿಗೆ ಸುರಿಯುತ್ತಿದ್ದವು.

ಜಗಲಿಯಲ್ಲಿ ಕೂತಿದ್ದ ಅವರ ಗಂಡ ರಂಗಸ್ವಾಮಿ ನಕ್ಕರು. “ನನ್ ಬೀಡಿಗೆ ಬೋಯ್ಯೋಳು ಇವ್ಳೇನಾ?”

“ಸುಮ್ಕಿರ್ರೀ!” ಎಂದು ಕೆಮ್ಮುತ್ತಲೇ ಗದರಿ, ಸೆರಗಿನಲ್ಲಿ ಮುಖ ಒರೆಸಿಕೊಂಡರು.

“ಗದ್ದೆ ಕೆಲ್ಸ ಮಾಡಿದ ಗಟ್ಟಿ ಜೀವ ನಿಂದು, ನಿಂಗೇ ಇಂಗೆ,” ಅಂದಳು ಯಶೋಧರಾ. “ಆ ಕೂಸಿನ ಎದೆ ಎಷ್ಟಗಲ ಅದೆ, ಯೋಳಕ್ಕ.”

ಜಯಲಕ್ಷ್ಮಮ್ಮ ನಡುಮನೆಯ ತೊಟ್ಟಿಲಿನತ್ತ ನೋಡಿದರು. ಆಮೇಲೆ ಕೇಳಿದರು, “ಅಂಗಾರೆ ಬಾಣಂತಿಗೆ ನೀರು ಎಂಗೆ ಕಾಯ್ಸನೆ? ತಣ್ಣೀರು ಉಯ್ಯನಾ?”

“ಕೊಟ್ಟಿಗೆ ಹಿಂದೆ ತೆಂಗಿನ ಮಟ್ಟೆ ರಾಶಿ ನೆನ್ಕಂಡು ಬಿದ್ದದೆ. ನೆಂದಿದ್ದು ಹತ್ತಾಕಿಲ್ಲ, ಹತ್ತಾಕಿಲ್ಲ ಅಂತ ನೀನು ಕವರು ಹಾಕ್ತೀಯೆ. ತಪ್ಪು ಮಟ್ಟೇದಾ, ನಮ್ದಾ? ಸೂರಿನಡೀಕೆ ಜೋಡ್ಸು. ಹತ್ಸಾಕೆ ನಮ್ಮನೇರು ಮರ ಕೆತ್ತಿದ ಸಿಪ್ಪೆ ಕೊಡ್ತೀನಿ. ಪ್ಲೈವುಡ್ ಚೂರು ಕೇಳ್ಬ್ಯಾಡ, ಅದ್ರಲ್ಲಿ ಅಂಟದೆ, ಅದೂ ವಿಸನೇಯ. ಬೆಳಿಗ್ಗೇಲೇ ಬಿಂದಿಗೆಗೆ ನೀರು ತುಂಬಿ ಬಿಸ್ಲಿಗಿಡು, ಮಧ್ಯಾಹ್ನ ನೀರುಯ್ದ್ರೆ ಅರ್ಧ ಸೌದೆ ಉಳೀತದೆ. ಕೂಸಿನ ನೀರು ಮಾತ್ರ ಗ್ಯಾಸ್ ಮೇಲೆ ಕಾಯ್ಸು. ಒಲೆ ಹತ್ಸಿದಾಗ ಕೂಸ್ನ ಎತ್ಕಂಡು ನಮ್ಮನೆ ಜಗಲೀಲಿ ಕೂತ್ಕಳ್ಳಿ ಅರ್ಪಿತ.”

“ಮನೇಲಿ ಸೇರ್ಕಂಡಿರೋ ಕವರು?”

“ತರಾದೇ ಬ್ಯಾಡ. ಸಂತೆಗೆ ಬಟ್ಟೆ ಚೀಲ ಹಿಡ್ಕೋ. ಹಾಲಿನ ಕವರು ತೊಳ್ದು ಒಣಗ್ಸಿ ಕಟ್ಟಿಡು. ಶೆಡ್ಡಿಗೆ ಸಾಗ್ಸೋದು ಸಿದ್ದರಾಜು ಕೆಲ್ಸ. ಅವ್ನ ಕೆಲ್ಸಾನ ನಿನ್ನೊಲೆ ಯಾಕೆ ಮಾಡ್ಬೇಕು?”

ಅಂದೇ ರಂಗಸ್ವಾಮಿ ಕೊಟ್ಟಿಗೆಯ ಸೂರಿಗೆ ಒಂದು ತಗಡಿನ ಶೀಟು ಇಳಿಸಿ ಕಟ್ಟಿ, ಅದರಡಿ ಮಟ್ಟೆ ಜೋಡಿಸಿದರು. ಮಟ್ಟೆ ಒಣಗುವವರೆಗೆ ಯಶೋಧರಾ ತನ್ನ ಮನೆಯ ಸೌದೆ ಕೊಟ್ಟಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಬಚ್ಚಲಿಗೆ ಹೋಗಿ ನೋಡಿ. ಒಲೆಯ ಬಾಯಲ್ಲಿ ಕವರಿದೆಯೇ? ಬೂದಿಯಲ್ಲಿ ಕರಗಿದ ಕಪ್ಪು ಗಟ್ಟಿಯಿದೆಯೇ? ಆ ಬೂದಿ ತಿಪ್ಪೆಗೆ ಹೋಗುತ್ತದೆ, ತಿಪ್ಪೆ ಹೊಲಕ್ಕೆ, ಹೊಲದ್ದು ನಿಮ್ಮ ತಟ್ಟೆಗೆ. ಯಾವುದು ಬಿಟ್ಟಿ? ಗಾಡಿ ಓಡಿಸದೆ ಖರ್ಚು ಉಳಿಸಿಕೊಂಡದ್ದು ಕಸದ ಗುತ್ತಿಗೆಯವರು, ಉಸಿರು ಕಟ್ಟಿದ್ದು ನಮ್ಮ ಕೂಸಿಗೆ! ಕವರು ತರುವ ಅಭ್ಯಾಸ ನಮ್ಮದು. ಅದನ್ನು ನಾವೇ ಬಿಡೋಣ. ಆದರೆ ಎತ್ತಬೇಕಾದವರು ಎತ್ತದಿದ್ದರೆ ಬಾಯಿ ಮುಚ್ಚಿಕೊಂಡು ಸುಡುವುದು ಬೇಡ. ಸಂಘದವರು ಒಟ್ಟಾಗಿ ಹೋಗಿ ಕೇಳಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಊರಿನ ಹಿರೀಕರು ಗದರಿದರೂ ಕೂರಬೇಡಿ.

ಜಯಲಕ್ಷ್ಮಮ್ಮ ಕೂರಲಿಲ್ಲ. ಸಿದ್ದರಾಜುವಿನ ಗಾಡಿ ಮತ್ತೆ ಬಂದ ದಿನ, ಹಳೆಯ ಚೀಲಗಳನ್ನು ಬೀದಿಗೆ ತಂದಿಟ್ಟು ಹೊಸಿಲ ಮೇಲೆ ನಿಂತಿದ್ದರು.

“ಇದೇನಕ್ಕ, ಕೊಟ್ಟಿದ್ದನ್ನೆಲ್ಲ ಆಚೀಕಿಟ್ಟಿದ್ದೀಯೆ?”

“ಎತ್ಕಂಡೋಗಿ ಶೆಡ್ಡಿಗಾಕು.”

“ಯಾರೋ ತಲೆ ಕೆಡ್ಸವ್ರೆ. ಬೀದೀಲಿ ಎಲ್ರೂ ಇಸ್ಕತಾವ್ರೆ, ನಿಂದೊಂದೇನು?”

“ಎಲ್ರ ಮನೇಲೂ ಮಕ್ಳವ್ರೆ ಕಣ್ಲಾ. ಅಲ್ಲೂ ಓಗಿ ಯೋಳ್ತೀನಿ.”

ಸಿದ್ದರಾಜುವಿನ ದನಿ ಗಡುಸಾಯಿತು. “ನಾಳಿಂದ ನಿಮ್ಮನೆ ಕಸ ಯಾರು ಮುಟ್ಟಾರು ನೋಡ್ತೀನಿ.”

“ನೋಡು. ಸಂಘದೋರು ಈ ಚೀಲನೆಲ್ಲ ಪಂಚಾಯ್ತಿ ಬಾಗ್ಲಿಗೆ ತಂದ್ ಸುರೀತೀವಿ. ಅದನ್ನೂ ನೋಡ್ವಂತೆ.”

ಅವನು ಬೀದಿಯ ಎರಡೂ ಬದಿ ನೋಡಿದ. ಒಂದೊಂದೇ ಬಾಗಿಲಲ್ಲಿ ಹೆಂಗಸರು ಬಂದು ನಿಂತಿದ್ದರು. ದನಿ ಇಳಿಸಿ, ಒಂದು ಚೀಲವನ್ನು ಹೊಸಿಲಿನ ಹತ್ತಿರಕ್ಕೆ ತಳ್ಳಿದ.

“ತಮ್ಮ ಅಂತ ಮರ್ವಾದೆ ಉಳ್ಸಕ್ಕ. ಇದೊಂದು ಒಳೀಕೆ ಇಟ್ಕೋ.”

ಜಯಲಕ್ಷ್ಮಮ್ಮ ಎರಡೂ ಕೈ ಬಾಗಿಲ ಚೌಕಟ್ಟಿಗೆ ಊರಿದರು.

“ಇಟ್ಕಳಾಕಿಲ್ಲ.”